ತೊಗಟೆ ಸುಲಿದ ಮರ

ಹೊಸದುರ್ಗದಿಂದ ಹೊಳಲ್ಕೆರೆ ಕಡೆಗೆ ಬರುವ ದಾರಿಯಲ್ಲಿ ಒಂದು ಬೇವಿನ ಮರವಿತ್ತು. ಯಾರೋ ರಾತ್ರಿ ಬಂದು, ಸೊಂಟದೆತ್ತರದಲ್ಲಿ ಗೇಣಗಲ ತೊಗಟೆಯನ್ನು ಸುತ್ತಲೂ ಸುಲಿದು ಹೋಗಿದ್ದರು. ಒಳಗಿನ ಹಸಿ ಮೈ ಒದ್ದೆಯಾಗಿ ಹೊಳೆಯುತ್ತಿತ್ತು. ತಲೆ ಎತ್ತಿ ನೋಡಿದರೆ ಎಲೆಯೆಲ್ಲ ಹಸಿರು, ತುದಿಯಲ್ಲಿ ಹೂವು. ನೆರಳಲ್ಲಿ ಒಬ್ಬ ಅಜ್ಜ ಕೂತಿದ್ದರು. “ಮರಕ್ಕೇನೂ ಆದಂಗಿಲ್ಲ ಅಲ್ವಾ ಅಜ್ಜ?” ಅಂದೆ. ಅವರು ಮರದ ಕಡೆ ನೋಡಲೂ ಇಲ್ಲ.

“ಅದು ಸತ್ತೈತೆ ಸ್ವಾಮಿ. ಅದಕ್ಕಿನ್ನಾ ಗೊತ್ತಾಗಿಲ್ಲ.”

ಹಾಗೇ ಆಯಿತು. ಕೆಲವು ತಿಂಗಳಲ್ಲಿ ಎಲೆ ಉದುರಿ, ಮರ ಒಣಗಿ ನಿಂತಿತು. ರೈತರೆಲ್ಲರಿಗೂ ಗೊತ್ತಿರುವ ವಿಷಯ ಇದು: ಕೊಡಲಿ ಏಟಿಗೆ ಬೀಳದ ಮರವನ್ನೂ ಸುತ್ತ ತೊಗಟೆ ಸುಲಿದು ಕೊಲ್ಲಬಹುದು. ಎಲೆ ಬಿಸಿಲಿನಲ್ಲಿ ಅಡುಗೆ ಮಾಡುತ್ತದೆ. ಆ ಅನ್ನ ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಹಾದಿಯಲ್ಲಿ. ಹಾದಿ ಕಡಿದರೆ ಬೇರು ಉಪವಾಸ ಬಿದ್ದು ಸಾಯುತ್ತದೆ. ಮರದ ನಡುವಿನ ಗಟ್ಟಿ ಚೇಗು ಬಲು ಹಿಂದೆಯೇ ಜೀವ ಬಿಟ್ಟ ಭಾಗ. ಅದು ಮರವನ್ನು ನಿಲ್ಲಿಸುತ್ತದೆ, ಅಷ್ಟೇ. ಹೊಟ್ಟೆ ಪೊಳ್ಳಾದ ಹುಣಸೆಮರ ತಲೆಮಾರುಗಟ್ಟಲೆ ಕಾಯಿ ಬಿಡುವುದನ್ನು ನಾವೆಲ್ಲ ನೋಡಿದ್ದೇವೆ. ಸುತ್ತಲೂ ತೊಗಟೆ ಕಳಕೊಂಡ ಮರ ಹಾಗೇ ಬದುಕುವುದು ಬಲು ಅಪರೂಪ.

ನಾನು ಈ ಮಾತನ್ನು ಬರೆಯಲು ಕೂತದ್ದು ಮರಕ್ಕಾಗಿ ಮಾತ್ರ ಅಲ್ಲ. ಅಜ್ಜನ ಮಾತು ಕಿವಿಯಲ್ಲಿ ಉಳಿದು ಬೇರೊಂದು ಭಯ ಹುಟ್ಟಿಸಿತು. ನಮ್ಮ ಕನ್ನಡ ಹಸಿರಾಗಿದೆ. 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿ ಎಂದು ಬರೆಸಿದವರು ನಾಲ್ಕು ಕೋಟಿ ಮೂವತ್ತೇಳು ಲಕ್ಷ ಜನ. 2008ರಲ್ಲಿ ಶಾಸ್ತ್ರೀಯ ಭಾಷೆಯ ಸ್ಥಾನ ಬಂದಿದೆ. ಹಲ್ಮಿಡಿ ಶಾಸನದಿಂದ ಹಿಡಿದು ಇವತ್ತಿನವರೆಗೆ ಚೇಗು ಭದ್ರವಾಗಿದೆ. ಆದರೆ ಸುತ್ತಲೂ ಗೇಣಗಲ ತೊಗಟೆಯನ್ನು ಯಾರೋ ಸುಲಿಯುತ್ತಿದ್ದಾರೆ. ಆ ಯಾರೋ ನಾವೇ.

ಚಿತ್ರದುರ್ಗ ಸೀಮೆಯ ಒಂದೇ ಒಂದು ಪದಗುಂಪನ್ನು ಮುಂದಿಟ್ಟು ಹೇಳುತ್ತೇನೆ. ಜೀವಿಗಳು ಮೈಮೇಲೆ ಹೊದ್ದುಕೊಂಡದ್ದಕ್ಕೆ ನಮ್ಮವರು ಇಟ್ಟ ಹೆಸರುಗಳಿವು.

ಮೈಮೇಲೆ ಇರುವಾಗ ಅದು ತೊಗಲು. ಮೈಯಿಂದ ಬೇರೆಯಾಗಿ ಒಣಗಿದರೆ ಚಕ್ಕಳ. ಬರಗಾಲದ ದನವನ್ನೋ ಹಸಿದ ಮನುಷ್ಯನನ್ನೋ ಕಂಡು ‘ಮೂಳೆ ಚಕ್ಕಳ ಆಗಿದಾನೆ’ ಎಂದಾಗ, ಬದುಕಿರುವಾಗಲೇ ತೊಗಲು ಚಕ್ಕಳವಾಯಿತಲ್ಲ ಎಂಬ ಸಂಕಟ ಆ ಮಾತಿನೊಳಗಿದೆ. ಮರದ ಮೈಮೇಲಿನದು ತೊಗಟೆ. ತೊಗಲು, ತೊಗಟೆ ಎರಡನ್ನೂ ಜೊತೆಗೆ ಉಚ್ಚರಿಸಿ ನೋಡಿ, ಒಡಹುಟ್ಟಿದವರ ಹಾಗೆ ಕೇಳಿಸುತ್ತವೆ. ಔಷಧಿಗೆಂದು ಎಬ್ಬಿಸಿದ ತುಂಡು ಚಕ್ಕೆ. ಉದ್ದಕ್ಕೆ ಸೀಳಿದರೆ ಪಟ್ಟೆ. ಅದರ ಒಳಗಿನ ಎಳೆ ನಾರು. ಚಿತ್ರದುರ್ಗ, ಹಿರಿಯೂರು ಕಡೆಯ ಕುರುಚಲು ಕಾಡಿನ ಕಮರ ಮರದ ನಾರಿನಿಂದ ಹಗ್ಗ ಹೊಸೆದ ಕೈಗಳಿಗೆ ತೊಗಟೆ ಬೇರೆ, ನಾರು ಬೇರೆ.

ಹೊಳಲ್ಕೆರೆ, ಭೀಮಸಮುದ್ರದ ಅಡಿಕೆಗೆ ಇರುವುದು ಸಿಪ್ಪೆ. ಹೊಸದುರ್ಗದ ತೆಂಗಿಗೆ ಹೊರಗೆ ಮಟ್ಟೆ, ಅದರೊಳಗೆ ಚಿಪ್ಪು, ಕಾಯಿ ತೆಗೆದ ಮೇಲೆ ಉಳಿದದ್ದು ಕರಟ. ಹಿರಿಯೂರಿನ ಶೇಂಗಾಕ್ಕೆ ಹೊಟ್ಟು. ಅಕ್ಕಿಗೆ ತೌಡು. ಹಾಲಿಗೆ ಕೆನೆ. ಹಾವಿಗೂ ಈರುಳ್ಳಿಗೂ ಪೊರೆ. ಮುದುಕರ ಕಣ್ಣಿಗೆ ಬರುವುದೂ ಪೊರೆಯೇ. ವಾಸಿಯಾಗುವ ಗಾಯದ ಮೇಲೆ ಏಳುವುದು ಹಕ್ಕಳೆ. ಹಳೆ ಗೋಡೆಯ ಸುಣ್ಣ ಎದ್ದರೂ ಹಕ್ಕಳೆ.

ಇನ್ನು ತೆಗೆಯುವ ಕೆಲಸಕ್ಕೆ ಎಷ್ಟು ಮಾತು! ಅಡಿಕೆ ಸುಲಿಯುತ್ತಾರೆ, ಕಡಲೆಕಾಯಿ ಬಿಡಿಸುತ್ತಾರೆ, ಕಾಯಿ ಹೆರೆಯುತ್ತಾರೆ, ಮರ ಕೀಸುತ್ತಾರೆ, ತೊಗಟೆ ಎಬ್ಬಿಸುತ್ತಾರೆ. ಹಾವು ತಾನೇ ಪೊರೆ ಕಳಚುತ್ತದೆ. ಇದರಲ್ಲಿ ಒಂದೊಂದು ಮಾತೂ ಕೈಗೆ ಒಂದೊಂದು ಅಳತೆ ಹೇಳಿಕೊಡುತ್ತದೆ: ಎಷ್ಟು ಒತ್ತಬೇಕು, ಎಲ್ಲಿ ನಿಲ್ಲಿಸಬೇಕು ಎಂದು. ಸುಲಿ ಎಂಬ ಕ್ರಿಯೆಯಿಂದಲೇ ಸುಲಿಗೆ ಬಂತು. ಮೈಮೇಲಿನ ಕೊನೆಯ ಹೊದಿಕೆಯನ್ನೂ ಬಿಡದೆ ಕಿತ್ತುಕೊಳ್ಳುವವನಿಗೆ ಇದಕ್ಕಿಂತ ಸರಿಯಾದ ಮಾತನ್ನು ಯಾವ ಪಂಡಿತ ಕಟ್ಟಬಲ್ಲ? ಅಡಿಕೆ ಸುಲಿದವರು, ತಾವೂ ಸುಲಿಸಿಕೊಂಡವರು ಕೊಟ್ಟ ಮಾತು ಅದು.

ಈಗ ನಮ್ಮ ಮನೆಯ ಮಕ್ಕಳನ್ನು ಕರೆದು ಕೇಳಿ. ಮೈಗೆ ‘ಸ್ಕಿನ್’. ಹಣ್ಣಿಗೂ ‘ಸ್ಕಿನ್’. ಮರದ್ದು ‘ಬಾರ್ಕ್’, ಅದೂ ಪರೀಕ್ಷೆಯಲ್ಲಿ ಮಾತ್ರ. ತೆಗೆಯುವುದೆಲ್ಲ ‘ಪೀಲ್ ಮಾಡೋದು’. ಇಪ್ಪತ್ತು ಮೂವತ್ತು ಮಾತಿದ್ದ ಕಡೆ ಮೂರು ಉಳಿದಿವೆ. ಮಕ್ಕಳನ್ನು ಬೈಯಬೇಡಿ. ಅವರಿಗೆ ನಾವು ಕೊಡಲಿಲ್ಲ.

ಯಾಕೆ ಕೊಡಲಿಲ್ಲ? ಇಂಗ್ಲಿಷ್ ಬಂತು, ಮೊಬೈಲ್ ಬಂತು ಎಂದು ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ನಿಜ ಅದಕ್ಕಿಂತ ಹಳೆಯದು. ನಾನು ನನ್ನ ಮನೆಯದ್ದನ್ನೇ ಹೇಳುತ್ತೇನೆ.

ನಾನು ಚಿಕ್ಕವನಿದ್ದಾಗ ಹೊಳಲ್ಕೆರೆ ಸೀಮೆಯ ನಮ್ಮ ಮನೆಗೆ ಮಿಣಿ, ಬಾರುಕೋಲು, ಮೆಟ್ಟು ಮಾಡಿಕೊಡುತ್ತಿದ್ದ ಒಬ್ಬರು ಬರುತ್ತಿದ್ದರು. ಬಂದವರು ಅಂಗಳದಾಚೆ ನಿಲ್ಲುತ್ತಿದ್ದರು. ತಂದದ್ದನ್ನು ನೆಲದ ಮೇಲಿಟ್ಟು ಹಿಂದೆ ಸರಿಯುತ್ತಿದ್ದರು. ನಮ್ಮಜ್ಜಿ ಅದರ ಮೇಲೆ ನೀರು ಚಿಮುಕಿಸಿ ಒಳಗೆ ತರಿಸುತ್ತಿದ್ದಳು. ಸುಗ್ಗಿಯಲ್ಲಿ ಕಣದ ಅಂಚಿನಲ್ಲಿ ಅವರಿಗೆ ಆಯ ಅಳೆದು ಹಾಕುತ್ತಿದ್ದರು, ಕೈಗೆ ಕೈ ತಾಗದ ಹಾಗೆ. ಒಂದು ದಿನ ನಾನು ಜಗುಲಿ ಮೇಲೆ ಕೂತು “ಅಜ್ಜಿ, ಇದು ಯಾವುದರ ತೊಗಲು?” ಅಂತ ಕೇಳಿದೆ. ಅಜ್ಜಿ ತಟ್ಟನೆ ಬಾಯಿ ಮುಚ್ಚಿಸಿದಳು. “ಥೂ, ಆ ಮಾತು ಆಡಬ್ಯಾಡ. ಚರ್ಮ ಅನ್ನು.”

ನನ್ನಜ್ಜಿ ಕೆಟ್ಟವಳಲ್ಲ. ನನಗೆ ಅನ್ನ ಕಲಸಿ ತಿನ್ನಿಸಿದ ಕೈ ಅದು. ಆದರೆ ಅವತ್ತು ಅವಳು ನನಗೆ ಒಂದು ಪದ ಮರೆಸಿದ್ದಲ್ಲ, ಒಬ್ಬ ಮನುಷ್ಯನನ್ನು ಮರೆಯುವುದು ಹೇಗೆ ಎಂದು ಕಲಿಸಿದಳು. ನಾನು ಕಲಿತೆ. ‘ಚರ್ಮ’ ಆಸ್ಪತ್ರೆಯ ಮಾತಾಯಿತು, ಸರ್ಕಾರದ ಮಾತಾಯಿತು. 1976ರಲ್ಲಿ ಶುರುವಾದ, ಲಿಡ್ಕರ್ ಎಂದು ನಾವು ಕರೆಯುವ ನಿಗಮದ ಹೆಸರಿನಲ್ಲೂ ಇರುವುದು ಚರ್ಮವೇ. ‘ಚರ್ಮ’ದ ಮೇಲೆ ನನಗೆ ಸಿಟ್ಟಿಲ್ಲ, ಅದೂ ನಮ್ಮದೇ ಆಗಿದೆ. ‘ತೊಗಲು’ ಮಾತ್ರ ಕೇರಿಯ ಮಾತಾಗಿ ಊರ ಹೊರಗೆ ಉಳಿಯಿತು, ಅದನ್ನು ಆಡಿದವರ ಹಾಗೆ. ತಮಿಳರಿಗೆ ‘ತೋಲ್’ ಎನ್ನಲು, ತೆಲುಗರಿಗೆ ‘ತೋಲು’ ಎನ್ನಲು ಬರುವ ಬಾಯಿ ನಮಗೇಕೆ ಬಾರದು? ಅದು ಹೊಲಸು ಮಾತೆಂದು ಯಾವ ನಿಘಂಟೂ ಹೇಳಿಲ್ಲ. ನಮ್ಮ ಜಗುಲಿ ಹೇಳಿತು.

ಬೇವಿನ ನೆರಳಲ್ಲಿ ಕಂಡ ಆ ಅಜ್ಜನ ಮನೆಗೆ ಆಮೇಲೆ ಹೋದೆ. ಅಲ್ಲೇ ಹತ್ತಿರದ ಕೇರಿಯೊಂದರಲ್ಲಿ ಮಗಳ ಮನೆ. ಒಳಗೆ ಕೂತು ನೀರು ಕೇಳಿ ಕುಡಿದೆ. ಅಜ್ಜ ನನ್ನ ಮುಖವನ್ನೇ ನೋಡುತ್ತಿದ್ದರು. ಗೋಡೆಯ ಮೇಲೆ ಹಳೆಯ ತಮಟೆಯೊಂದು ತೂಗುತ್ತಿತ್ತು. ಇಳಿಸಿ ಕೈಗೆ ಕೊಟ್ಟರು. ಅಂಚಿನಲ್ಲಿ ತೊಗಲು ಕಪ್ಪಾಗಿ, ನಡುವೆ ಬೆರಳು ಬಿದ್ದ ಕಡೆ ನುಣುಪಾಗಿ, ಬೆಳಕಿಗೆ ಹಿಡಿದರೆ ಜೇನಿನ ಬಣ್ಣ. ಆ ದಿನ ಅವರು ಕೈಯಾಡಿಸುತ್ತ ಹೇಳಿದ್ದನ್ನು ನಾನು ಬರೆದುಕೊಂಡೆ.

ಹಸಿ ತೊಗಲನ್ನು ಮೊದಲು ಸುಣ್ಣದ ನೀರಿಗೆ ಹಾಕಬೇಕು. ಕೂದಲು ಸಡಿಲವಾದ ಮೇಲೆ ಎರಡೂ ಮಗ್ಗುಲು ಹೆರೆದು ತೊಳೆಯಬೇಕು. ಆಮೇಲೆ ತಂಗಡಿ ಚಕ್ಕೆ ಕುಟ್ಟಿ ನೆನೆಸಿದ ನೀರು. ತಂಗಡಿ ಎಂದರೆ ಹಿರಿಯೂರು ದಾರಿಯ ಎರಡೂ ಬದಿಗೆ ಬಂಗಾರದಂಥ ಹೂವು ಹೊತ್ತು ನಿಲ್ಲುವ ಗಿಡ, ಕೆಲವರ ಬಾಯಲ್ಲಿ ಆವರಿಕೆ. ತಂಗಡಿ ಸಿಗದಿದ್ದರೆ ಜಾಲಿಯ ತೊಗಟೆ. ಬಣ್ಣಕ್ಕೂ ಬಿಗಿಗೂ ಅಳಲೆಕಾಯಿ. ನೀರು ಬದಲಾಯಿಸುತ್ತ ದಿನಗಟ್ಟಲೆ ಕಾಯಬೇಕು. ಕೊನೆಯಲ್ಲಿ ತೊಗಲನ್ನು ಚೀಲದ ಹಾಗೆ ಹೊಲಿದು, ಒಳಗೆ ತೊಗಟೆಯ ಪುಡಿ, ನೀರು ತುಂಬಿ ಮರಕ್ಕೆ ತೂಗುಹಾಕುತ್ತಾರೆ. ನೀರು ತೊಟತೊಟ ಜಿನುಗುತ್ತ ತೊಗಲಿನ ಕಣಕಣಕ್ಕೂ ತೊಗಟೆಯ ಒಗರು ಇಳಿಯುತ್ತದೆ. ಆಗ ಅದು ಕೊಳೆಯುವುದಿಲ್ಲ.

“ಮರ ತನ್ ತೊಗ್ಲು ಕೊಟ್ಟು ದನದ್ ತೊಗ್ಲು ಉಳಿಸ್ತೈತೆ ಕಣಪ್ಪ,” ಅಂದರು ಅಜ್ಜ. ಅಷ್ಟು ಹೊತ್ತಿಗೆ ಸ್ವಾಮಿ ಹೋಗಿ ಅಪ್ಪ ಬಂದಿತ್ತು. “ಹದ ಬಂದೈತಾ ಇಲ್ವಾ ಅಂತ ಕಣ್ಣಿಗೆ ಕಾಣಾಂಗಿಲ್ಲ. ಉಗುರಿಂದ ಕೇಳ್ಬೇಕು.”

ಹದ! ಮಳೆ ಬಿದ್ದ ನೆಲಕ್ಕೆ ಹದ, ಸಾರಿನ ಉಪ್ಪಿಗೆ ಹದ, ಮಾತಿಗೆ ಹದ, ಮನಸ್ಸಿಗೆ ಹದ. ಕನ್ನಡದ ಇಷ್ಟು ಮೃದುವಾದ ಮಾತು ತೊಗಲು ನೆನೆಯುವ ಆ ಗುಂಡಿಯ ಪಕ್ಕದಲ್ಲೂ ಬಾಳಿದೆ. ಅಡುಗೆಮನೆಯ ಹದವನ್ನು ಒಳಗಿಟ್ಟುಕೊಂಡು, ಗುಂಡಿಯ ಹದವನ್ನು ಹೊರಗಿಟ್ಟೆವು.

ನಾವು ಹೊರಗಿಟ್ಟವರಿಂದ ಏನೇನು ಪಡೆದೆವು ಎಂದು ಲೆಕ್ಕ ಹಾಕೋಣ. 1907ರಲ್ಲಿ ಮಾರಿಕಣಿವೆಯ ವಾಣಿವಿಲಾಸ ಸಾಗರ ಕಟ್ಟಿ ಮುಗಿಯಿತು. ಅದಕ್ಕೂ ಮುಂಚೆ, ಆಮೇಲೆಯೂ ಕಾಲುವೆ ಮುಟ್ಟದ ಹೊಲಗಳಲ್ಲಿ, ಕಪಿಲೆ ಬಾವಿಯಿಂದ ನೀರೆತ್ತಿದ್ದು ತೊಗಲಿನ ಚೀಲ, ಎಳೆದದ್ದು ಮಿಣಿ. ಆ ನೀರು ಕುಡಿದ ರಾಗಿಯನ್ನು ಉಂಡವರು ನಾವು. ಮಾರಮ್ಮನ ಜಾತ್ರೆಗೆ ಉರುಮೆ, ತಮಟೆ ಬೇಕು. ಬೆಂಕಿಗೆ ಕಾಸಿ ತೊಗಲು ಬಿಗಿ ಮಾಡದೆ ದೇವರೂ ಏಳುವುದಿಲ್ಲ. ಶರಣ ಮಾದಾರ ಚೆನ್ನಯ್ಯನ ಹೆಸರಿನ ಗುರುಪೀಠ ಚಿತ್ರದುರ್ಗದಲ್ಲೇ ಇದೆ. ಬಸವಣ್ಣ ತನ್ನ ನೆಂಟಸ್ತಿಕೆ ಹೇಳಿಕೊಂಡದ್ದು ಆ ಚೆನ್ನಯ್ಯನ ಮನೆಯ ಜೊತೆ, ತೊಗಲು ಹದ ಮಾಡುವ ಡೋಹರ ಕಕ್ಕಯ್ಯನ ಮನೆಯ ಜೊತೆ. ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ತೊಗಲಿನಿಂದಲೇ ಬಸವಣ್ಣನಿಗೆ ಪಾದರಕ್ಷೆ ಮಾಡಿದರು ಎಂಬ ಕಥೆಯನ್ನು ನಾವು ಭಾಷಣದಲ್ಲಿ ಕಣ್ಣೀರಿಟ್ಟು ಹೇಳುತ್ತೇವೆ. ಆಮೇಲೆ ಮನೆಗೆ ಬಂದು, ತೊಗಲು ಎಂದ ಮಗುವಿನ ಬಾಯಿ ಮುಚ್ಚಿಸುತ್ತೇವೆ.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ, ಬರಲೇಬೇಕು. ಅಜ್ಜನ ಕೇರಿಯಲ್ಲೇ ಹುಟ್ಟಿ ಓದಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ನನ್ನನ್ನು ನೇರವಾಗಿ ಕೇಳಿದಳು: “ಸರ್, ಆ ನಾತ, ಆ ಅವಮಾನ ಬಿಟ್ಟು ಬರೋಕೆ ನಮ್ಮಪ್ಪ ಸತ್ತು ಬದುಕಿದ್ದಾರೆ. ಈಗ ಆ ಪದ ಉಳಿಸ್ಕೊಳ್ಳಿ ಅಂತೀರಲ್ಲ, ಯಾರ ಮೈಮೇಲೆ ಉಳಿಸ್ಕೋಬೇಕು?”

ಅವಳ ಪ್ರಶ್ನೆಗೆ ತಲೆಬಾಗುತ್ತೇನೆ. ಯಾರೂ ಹುಟ್ಟಿನ ಕಾರಣಕ್ಕೆ ಆ ಗುಂಡಿಗೆ ಇಳಿಯಬಾರದು, ಸತ್ತ ದನ ಎಳೆಯಬಾರದು, ಕರೆದಾಗ ಬಂದು ತಮಟೆ ಬಡಿಯಬಾರದು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ಅಳಿಸಿದೆ. ಅದು ನಮ್ಮ ಊರುಗಳಲ್ಲಿ ಪೂರ್ತಿ ಅಳಿಯುವವರೆಗೆ ಯಾವ ಪದದ ಉದ್ಧಾರವೂ ಉದ್ಧಾರವಲ್ಲ. ಕೆಲಸ ಬಿಡುವ ಹಕ್ಕು ಅವರದು. ಪದವನ್ನು ಹೊರುವ ಭಾರ ನಮ್ಮದು, ಅದನ್ನು ಹೊಲಸು ಮಾಡಿದ ಮನೆಗಳದ್ದು. ನಾಚಿಕೆ ಪಡಬೇಕಾದದ್ದು ತೊಗಲು ಎಂಬ ಮಾತಿಗಲ್ಲ. ತೊಗಲು ಹದ ಮಾಡಿದ ಕೈಗೆ ನೀರು ಕೊಡದೆ ಹೋದದ್ದಕ್ಕೆ. ಆ ನಾಚಿಕೆಯನ್ನು ತಪ್ಪಿಸಿಕೊಳ್ಳಲು ಪದವನ್ನು ಬಿಟ್ಟೆವು. ಪದ ಹೋದರೆ ಪಾಪವೂ ಮರೆತುಹೋಗುತ್ತದೆ ಎಂದುಕೊಂಡೆವು. ಅದಾಗಬಾರದು.

ಕೈಬಿಟ್ಟ ಪದವನ್ನು ಮತ್ತೆ ಹಿಡಿಯುವುದು ಹೇಗೆ ಎಂಬುದಕ್ಕೆ ದೂರದ ಒಂದು ಊರಿನ ಮಾತು ಕೇಳಿ. ಅಮೆರಿಕದ ಕ್ಯಾಲಿಫೋರ್ನಿಯಾದ ಉತ್ತರ ತುದಿಯಲ್ಲಿ ಕ್ಲಾಮತ್ ಎಂಬ ನದಿ ಹರಿಯುತ್ತದೆ. ಅದರ ದಂಡೆಯ ಮೂಲನಿವಾಸಿಗಳ ನುಡಿ ಕರುಕ್. ಅವರ ಮುಖ್ಯ ಆಹಾರಗಳಲ್ಲಿ ಒಂದು ಕಾಡಿನ ಓಕ್ ಮರದ ಕಾಯಿ, ಅದರಲ್ಲೂ ‘ಟ್ಯಾನ್‌ಓಕ್’ ಎಂಬ ಮರದ್ದು. ತೊಗಲು ಹದ ಮಾಡುವ ಕೆಲಸವೇ ಆ ಇಂಗ್ಲಿಷ್ ಹೆಸರಿನೊಳಗೆ ಕೂತಿದೆ. ಅದರ ತೊಗಟೆ ಆ ಸೀಮೆಯ ತಂಗಡಿ. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಚಿನ್ನ ಹುಡುಕುವವರು ನದಿ ಹಿಡಿದು ಬಂದರು. ಕರುಕ್ ಜನರ ಊರುಗಳು ಸುಟ್ಟುಹೋದವು, ನುಡಿ ಮನೆಯೊಳಗೆ ಅಡಗಿತು. ಹದದ ಕಾರ್ಖಾನೆಗಳಿಗಾಗಿ ಕ್ಯಾಲಿಫೋರ್ನಿಯಾದ ಕರಾವಳಿ ಕಾಡುಗಳಲ್ಲಿ ಟ್ಯಾನ್‌ಓಕ್ ಮರಗಳನ್ನು ಉರುಳಿಸಿ ತೊಗಟೆ ಹೊತ್ತೊಯ್ದರು. ಎಷ್ಟೋ ಕಡೆ ಬೆತ್ತಲೆ ದಿಮ್ಮಿಗಳನ್ನು ಅಲ್ಲೇ ಕೊಳೆಯಲು ಬಿಟ್ಟರು. ಮರದ್ದೂ ನುಡಿಯದ್ದೂ ಒಂದೇ ಗತಿ.

ವಿಲಿಯಂ ಬ್ರೈಟ್ ಎಂಬ ವಿದ್ಯಾರ್ಥಿ ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ ಆ ನದಿ ದಂಡೆಗೆ ಹೋದ. ಉಳಿದಿದ್ದ ಅಜ್ಜ ಅಜ್ಜಿಯರ ಮುಂದೆ ಕೂತು ಪದಗಳನ್ನು ಕೇಳಿದ. ಅವರು ಅವನಿಗೆ ತಮ್ಮ ನುಡಿಯಲ್ಲೇ ಹೆಸರಿಟ್ಟರು. ಆ ಹೆಸರಿನ ಅರ್ಥ ‘ಪದ ಕೇಳುವ ಚಿಕ್ಕವ’. 1957ರಲ್ಲಿ ಅವನ ಕರುಕ್ ವ್ಯಾಕರಣ ಅಚ್ಚಾಯಿತು. ಮರುವರ್ಷ, 1958ರಲ್ಲಿ, ಅದೇ ಬ್ರೈಟ್ ಬರೆದ ಇನ್ನೊಂದು ಪುಸ್ತಕ ಪುಣೆಯ ಡೆಕ್ಕನ್ ಕಾಲೇಜಿನಿಂದ ಹೊರಬಂತು. ಅದರ ವಿಷಯ ಏನು ಗೊತ್ತೇ? ಕನ್ನಡದ ಆಡುಮಾತು. ಹೌದು, ಕರುಕ್ ಪದಗಳನ್ನು ಬರೆದಿಟ್ಟ ಕೈಯೇ ನಮ್ಮ ಬಾಯಿಮಾತನ್ನೂ ಕಿವಿಗೊಟ್ಟು ಬರೆದುಕೊಂಡಿತ್ತು. ಬ್ರೈಟ್ ಅವರ ಗುರುಗಳಲ್ಲಿ ಒಬ್ಬರು ಎಮೆನೋ, ಬರೋ ಅವರ ಜೊತೆ ಸೇರಿ ದ್ರಾವಿಡ ಭಾಷೆಗಳ ಪದಮೂಲ ಕೋಶ ಮಾಡಿದವರು. 2005ರಲ್ಲಿ ಬ್ರೈಟ್, ಸೂಸನ್ ಗೇರ್ ಜೊತೆಗೂಡಿ ಕರುಕ್ ನಿಘಂಟು ಮಾಡಿದರು. 2006ರಲ್ಲಿ ತೀರಿಕೊಂಡರು. ಅದಕ್ಕೆ ಮುಂಚೆ ಕರುಕ್ ಜನ ಅವರನ್ನು ತಮ್ಮ ಬುಡಕಟ್ಟಿನ ಗೌರವ ಸದಸ್ಯರನ್ನಾಗಿ ಮಾಡಿಕೊಂಡಿದ್ದರು.

ಇವತ್ತು ಕರುಕ್ ನುಡಿಯನ್ನು ತೊಟ್ಟಿಲಿನಿಂದ ಆಡಿ ಬೆಳೆದವರು ಬೆರಳೆಣಿಕೆಯಷ್ಟು. ಆದರೂ ಆ ಜನ ಕೈಚೆಲ್ಲಿಲ್ಲ. 1990ರ ದಶಕದಿಂದ ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳು ಒಂದು ಸರಳ ದಾರಿ ಹಿಡಿದರು. ನುಡಿ ಬಲ್ಲ ಒಬ್ಬ ಹಿರಿಯರು, ಕಲಿಯುವ ಒಬ್ಬ ಕಿರಿಯರು. ಅಡುಗೆ ಮಾಡುತ್ತ, ಸೌದೆ ಒಡೆಯುತ್ತ, ಇಂಗ್ಲಿಷ್ ಬಿಟ್ಟು ಆ ನುಡಿಯಲ್ಲೇ ಗಂಟೆಗಟ್ಟಲೆ ಜೊತೆಗಿರುವುದು. ಕರುಕ್ ಜನರೂ ಆ ದಾರಿಯಲ್ಲಿ ನಡೆದರು. ಅವರ ನಿಘಂಟು ತೆರೆದರೆ ತೊಗಲಿಗೂ ತೊಗಟೆಗೂ ಅವರದೇ ಮಾತುಗಳಿವೆ. ಆ ಎರಡು ಮಾತು ಉಳಿಯಲು ಒಂದು ಜನಾಂಗ ಇಷ್ಟು ಹೆಣಗಿದೆ. ನಾಲ್ಕು ಕೋಟಿ ಜನ ಇದ್ದೂ ನಾವು ಕೈಯಲ್ಲಿರುವುದನ್ನೇ ಚೆಲ್ಲುತ್ತಿದ್ದೇವೆ.

ಆದ್ದರಿಂದ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ನನ್ನ ಜನರೇ, ನಿಮ್ಮಲ್ಲಿ ಕೈಮುಗಿದು ಕೇಳುತ್ತೇನೆ.

ಶಾಲೆಯ ಮೇಷ್ಟ್ರುಗಳೇ, ಮೇಡಂಗಳೇ, ವಿಜ್ಞಾನದ ಪಾಠದಲ್ಲಿ ಮರದ ಭಾಗ ಬರೆಸುವ ದಿನ ಮಕ್ಕಳನ್ನು ಬಯಲಿಗೆ ಕರೆದೊಯ್ಯಿರಿ. ತೊಗಟೆ, ಚಕ್ಕೆ, ಪಟ್ಟೆ, ನಾರು ಮುಟ್ಟಿಸಿ. ತೊಗಲು ಎಂದು ನಿಮ್ಮ ಬಾಯಿಂದಲೇ ಗಟ್ಟಿಯಾಗಿ ಹೇಳಿ. ಮೇಷ್ಟ್ರ ಬಾಯಲ್ಲಿ ಬಂದ ಮಾತಿಗೆ ಮಕ್ಕಳು ನಾಚುವುದಿಲ್ಲ. ಕೇರಿಯಿಂದ ಬಂದ ಮಗುವಿಗೆ ಅದಕ್ಕಿಂತ ಹೆಚ್ಚು ಮಾತು ಗೊತ್ತಿದ್ದರೆ ಆ ದಿನ ಆ ಮಗುವೇ ಪಾಠ ಮಾಡಲಿ. ಅದಕ್ಕೆ ಇಷ್ಟವಿದ್ದರೆ ಮಾತ್ರ.

ಮಠಗಳ ಹಿರಿಯರೇ, ಸಾಹಿತ್ಯ ಪರಿಷತ್ತಿನ ಗೆಳೆಯರೇ, 2009ರಲ್ಲಿ 75ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದು ನಮ್ಮ ದುರ್ಗದಲ್ಲಿ. ಅಂಥ ತೇರು ಎಳೆದ ಊರಿಗೆ ಒಂದು ಸಣ್ಣ ಕೆಲಸ ದೊಡ್ಡದಲ್ಲ. ನಾಲ್ಕು ತಾಲ್ಲೂಕಿನ ಕೈಕೆಲಸದವರ ಪದಗಳನ್ನು ಧ್ವನಿ ಸಮೇತ ದಾಖಲಿಸಿ. ಹೇಳಿದವರ ಸಮಯಕ್ಕೆ ಕೂಲಿ ಕೊಡಿ. ಅವರು ಒಪ್ಪಿದರೆ ಅವರ ಹೆಸರನ್ನು ಪುಸ್ತಕದ ಮೊದಲ ಪುಟದಲ್ಲಿ ಹಾಕಿ, ನಿಮ್ಮ ಹೆಸರಿಗಿಂತ ಮೇಲೆ.

ಓದಿದ ಯುವಕ ಯುವತಿಯರೇ, ನಿಮ್ಮ ಜೇಬಿನಲ್ಲಿರುವ ಮೊಬೈಲ್ ಬ್ರೈಟ್ ಹೊತ್ತು ತಿರುಗಿದ ಯಾವ ಯಂತ್ರಕ್ಕಿಂತಲೂ ಚೆನ್ನಾಗಿ ಧ್ವನಿ ಹಿಡಿಯುತ್ತದೆ. ಅಡಿಕೆ ಸುಲಿಯುವ ಅಮ್ಮಂದಿರ ಪಕ್ಕ ಒಂದು ರಾತ್ರಿ ಕೂರಿ. ಸುಲಿಯುವ ಯಂತ್ರ ಬಂದಾಗಿದೆ. ಮೆಟ್ಟುಗತ್ತಿಯ ಜೊತೆಗೆ ಅವರ ಮಾತೂ ಅಟ್ಟ ಸೇರುವ ಮೊದಲು ಕೇಳಿಸಿಕೊಳ್ಳಿ. ಪದ ಕೇಳುವ ಚಿಕ್ಕವರಾಗಿ. ಚಿಕ್ಕವರಾಗದೆ ಯಾರಿಗೂ ಪದ ಸಿಗುವುದಿಲ್ಲ.

ನನ್ನಂಥ ಮನೆಗಳಲ್ಲಿ ಹುಟ್ಟಿದವರೇ, ನಮಗೆ ಕೆಲಸ ಇನ್ನೂ ಹೆಚ್ಚಿದೆ. ಹೋಗಿ, ಒಳಗೆ ಕೂರಿ. ಅವರ ಮನೆಯ ನೀರು ಕುಡಿಯಿರಿ. ಅವರನ್ನು ನಮ್ಮ ಮನೆಯ ನಡುಮನೆಗೆ ಕರೆಯಿರಿ. ಇದನ್ನು ಮಾಡದೆ ಪದ ಮಾತ್ರ ಬರೆದು ತಂದರೆ ಅದೂ ಸುಲಿಗೆಯೇ.

ಪೊರೆ ಎಂಬ ಮಾತು ಹೆಸರಾದಾಗ ಹೊದಿಕೆ. ಕ್ರಿಯೆಯಾದಾಗ ಕಾಪಾಡು, ಸಲಹು. ಕಣ್ಣಿಗೆ ಬಂದರೆ ಕುರುಡು. ಮೂರೂ ಅರ್ಥ ನಮ್ಮ ಮುಂದಿವೆ.

ಮುಂಗಾರು ಹಿಡಿದ ಮೇಲೆ ಮತ್ತೆ ಆ ಬೇವಿನ ಹತ್ತಿರ ಹೋದೆ. ಮೇಲಿನದೆಲ್ಲ ಸೌದೆಯಾಗಿತ್ತು. ಆದರೆ ಸುಲಿದ ಗಾಯದ ಕೆಳಗೆ, ಬುಡದಲ್ಲಿ ಉಳಿದಿದ್ದ ತೊಗಟೆಯಿಂದ ನಾಲ್ಕು ಚಿಗುರು ಹೊರಟಿದ್ದವು, ಬೆರಳುದ್ದ, ಕೆಂಪಗೆ. ಸುತ್ತ ಯಾರೋ ಜಾಲಿ ಮುಳ್ಳು ಇಟ್ಟಿದ್ದರು, ಮೇಕೆ ಬಾಯಿ ಹಾಕದ ಹಾಗೆ. ಯಾರೆಂದು ಕೇಳಬೇಕಾಗಿರಲಿಲ್ಲ. ಆ ಅಜ್ಜನಿಗೆ ವಯಸ್ಸಾಗಿದೆ, ಮುಳ್ಳು ತರಲು ಇನ್ನು ಎಷ್ಟು ದಿನ ನಡೆದಾರು? ಮುಂದಿನ ಹೊರೆ ಮುಳ್ಳು ಹೊತ್ತು ತರುವವರು ನಾವಾಗಬೇಕು. ಈ ಭಾನುವಾರವೇ ಹೊರಡಿ.